ಅರಿವಿನ ಋಣ

ತುಂಗಭದ್ರಾ ಅಣೆಕಟ್ಟಿಗೆ ಸಮೀಪದ ಹಿಟ್ನಾಳದಿಂದ ಭಕ್ತರೊಬ್ಬರು ಹಲವು ವರ್ಷಗಳ ಹಿಂದೆ ತಮ್ಮ ಮಗಳನ್ನು ನಮ್ಮಲ್ಲಿಗೆ ಕರೆತಂದಿದ್ದರು. ಬಾಲಕಿಗೆ ತಿಂಗಳಿಗೊಮ್ಮೆ ಮೂರ್ಛೆ ಬರುತ್ತಿತ್ತು. ನಾವು ವಿಭೂತಿ ಹಚ್ಚಿ, ಧೈರ್ಯ ಹೇಳಿ ಕಳುಹಿದೆವು. ವೈದ್ಯರಲ್ಲಿಗೆ ಹೋಗಿರೆಂಬ ಮಾತು ನಾಲಗೆಯವರೆಗೆ ಬಂದಿತ್ತು. ನೊಂದು ಬಂದವರ ಶ್ರದ್ಧೆಗೆ ಕುಂದಾದೀತೆಂದು ತಡೆದುಕೊಂಡೆವು. ತಂದೆ ನಮ್ಮ ಮೌನವನ್ನೇ ಅಪ್ಪಣೆಯೆಂದು ತಿಳಿದರು. ಮೂರು ವರ್ಷಗಳ ತರುವಾಯ ಮತ್ತೆ ಬಂದಾಗ ಮೂರ್ಛೆ ವಾರಕ್ಕೊಮ್ಮೆ ಬರುತ್ತಿತ್ತು. ಬಾಲಕಿ ಶಾಲೆ ಬಿಟ್ಟಿದ್ದಳು. ಒಲೆಯ ಬಳಿ ಬಿದ್ದು ಕೈ ಸುಟ್ಟುಕೊಂಡಿದ್ದಳು.

ಅಂದಿನಿಂದ ಒಂದು ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ತಿಳಿದೂ ತಡಮಾಡುವುದು ಬರಿಯ ಆಲಸ್ಯವೋ, ಅದೂ ಒಂದು ಬಗೆಯ ಹಿಂಸೆಯೋ?

ಮೆದುಳಿನ ನರಕೋಶಗಳು ಸೂಕ್ಷ್ಮ ವಿದ್ಯುತ್ ಸಂಕೇತಗಳಿಂದ ಒಂದರೊಡನೊಂದು ವ್ಯವಹರಿಸುತ್ತವೆ. ಅಸಂಖ್ಯ ಕೋಶಗಳು ಲಯಗೆಟ್ಟು ಏಕಕಾಲಕ್ಕೆ ಸಿಡಿದಾಗ ಸೆಳವು ಉಂಟಾಗುತ್ತದೆ. ಸೆಳವು ಬಂದು ಹೋದ ಮೇಲೆ ಮೆದುಳು ಮೊದಲಿನಂತೆಯೇ ಆಗುವುದೇ? 1881ರಷ್ಟು ಹಿಂದೆಯೇ ಲಂಡನ್ನಿನ ವೈದ್ಯ ವಿಲಿಯಂ ಗೌವರ್ಸ್, ಒಂದು ಸೆಳವು ಮುಂದಿನದಕ್ಕೆ ದಾರಿ ಮಾಡಿಕೊಡುತ್ತದೆಂದು ಶಂಕಿಸಿದ್ದರು. 1967 ಮತ್ತು 1969ರಲ್ಲಿ ಗ್ರಹಾಂ ಗೊಡ್ಡಾರ್ಡ್ ಪ್ರಕಟಿಸಿದ ಪ್ರಯೋಗಗಳು ಆ ಶಂಕೆಗೆ ಆಧಾರ ಒದಗಿಸಿದವು. ಇಲಿಗಳ ಮೆದುಳಿಗೆ ಅವರು ಅತಿ ಕ್ಷೀಣವಾದ ವಿದ್ಯುತ್ತನ್ನು ದಿನವೂ ಹಾಯಿಸಿದರು. ಮೊದಮೊದಲು ಏನೂ ಆಗಲಿಲ್ಲ. ದಿನಗಳು ಕಳೆದಂತೆ ಅದೇ ಕ್ಷೀಣ ಪ್ರಚೋದನೆಗೆ ಮೈಯೆಲ್ಲ ಸೆಳೆಯತೊಡಗಿತು. ಬಹುಕಾಲ ಬಿಡುವು ಕೊಟ್ಟು ನೋಡಿದರೂ ಮೆದುಳು ಆ ಪಾಠವನ್ನು ಮರೆತಿರಲಿಲ್ಲ. ಪುಳ್ಳೆಗಳಿಂದ ಒಲೆ ಹೊತ್ತಿಸುವಂತೆ ಇರುವ ಈ ಕ್ರಿಯೆಗೆ ವಿಜ್ಞಾನಿಗಳು ‘ಕಿಂಡ್ಲಿಂಗ್’ ಎಂದರು.

ಈ ವಿಚಾರಕ್ಕೆ ನಮ್ಮ ನಾಡಿನ ಕೊಡುಗೆಯೂ ಉಂಟು. ತಲೆಗೆ ತಂಬಿಗೆ ತಂಬಿಗೆ ಬಿಸಿನೀರು ಸುರಿದುಕೊಳ್ಳುವಾಗ ಬರುವ ಬಿಸಿನೀರಿನ ಅಪಸ್ಮಾರವು ದಕ್ಷಿಣ ಕರ್ನಾಟಕದಲ್ಲಿ ವಿಶೇಷವಾಗಿ ಕಂಡುಬರುತ್ತದೆ. ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು 1972ರಲ್ಲಿ ಇಂಥ 60 ರೋಗಿಗಳ ಅಧ್ಯಯನವನ್ನೂ, ಬೆಂಗಳೂರಿನ ನಿಮ್ಹಾನ್ಸಿನ ಡಾ. ಪಿ. ಸತೀಶಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ರೋಗಿಗಳ ಅಧ್ಯಯನವನ್ನೂ ಪ್ರಕಟಿಸಿದರು. ಮುಂದೆ ಇಲಿಗಳಿಗೆ ಬಿಸಿನೀರೆರೆದು ಪರೀಕ್ಷಿಸಲಾಯಿತು. 2006ರಲ್ಲಿ ಪ್ರಕಟವಾದ ಫಲಿತಾಂಶ ಇದು: ಮರಳಿ ಮರಳಿ ಬಂದಂತೆ ಸೆಳವಿನ ತೀವ್ರತೆಯೂ ಅವಧಿಯೂ ಹೆಚ್ಚಿದವು, ನೆನಪಿಗೆ ಆಶ್ರಯವಾದ ಹಿಪ್ಪೊಕ್ಯಾಂಪಸ್ ಭಾಗದಲ್ಲಿ ನರತಂತುಗಳು ಹೊಸದಾಗಿ ಚಿಗುರಿ ಹರಡಿದ್ದವು.

ಇಲ್ಲಿ ವಿವೇಕ ಬೇಕು. ಇಲಿಯ ಮೆದುಳಿನ ಮಾತು ಮನುಷ್ಯನಿಗೆ ಹಾಗೆಯೇ ಸಲ್ಲದು. ಎಲ್ಲರ ಮೂರ್ಛೆಯೂ ಉಲ್ಬಣಿಸುವುದಿಲ್ಲ. ನೀರಿನ ಬಿಸಿ ತಗ್ಗಿಸಿದ ಮಾತ್ರದಿಂದಲೇ ಸೆಳವು ನಿಂತವರುಂಟು. ಔಷಧವು ಸೆಳವನ್ನು ಅಡಗಿಸುತ್ತದೆಯೇ ಹೊರತು ರೋಗದ ಬೇರನ್ನೇ ಕೀಳುತ್ತದೆಂದು ಸಿದ್ಧವಾಗಿಲ್ಲ. ಆದರೂ ತಡಮಾಡಲು ಇದು ನೆಪವಾಗದು. ಬೀಳುವ, ಸುಟ್ಟುಕೊಳ್ಳುವ, ಬಾವಿ ಕಾಲುವೆಗಳಲ್ಲಿ ಮುಳುಗುವ ಅಪಾಯ ಪ್ರತಿ ಸೆಳವಿನಲ್ಲೂ ಇದೆ. ಸರಿಯಾದ ಚಿಕಿತ್ಸೆ ದೊರೆತರೆ ಅಪಸ್ಮಾರ ಪೀಡಿತರಲ್ಲಿ 100ಕ್ಕೆ 70ರವರೆಗೆ ಜನ ಸೆಳವಿಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಇನ್ನೊಂದು ಪ್ರಶ್ನೆ ಉಳಿಯಿತು. ಸಕಲ ಜೀವಿಗಳಲ್ಲಿ ದಯೆಯನ್ನು ಬೋಧಿಸುವ ನಾವು ಆ ಇಲಿಗಳ ನೋವನ್ನು ಹೇಗೆ ಒಪ್ಪೋಣ? ಸುಲಭವಾಗಿ ಒಪ್ಪಲಾಗದು, ಒಪ್ಪಲೂ ಬಾರದು. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯು ಪ್ರಯೋಗವನ್ನು ನಿಷೇಧಿಸದಿದ್ದರೂ ಅನಾವಶ್ಯಕ ನೋವಿಗೆ ಅಡ್ಡಗಟ್ಟಿದೆ. ಬೇರೆ ದಾರಿಯಿದ್ದರೆ ಪ್ರಾಣಿಯನ್ನು ಬಿಡಬೇಕು, ಸಂಖ್ಯೆಯನ್ನು ತಗ್ಗಿಸಬೇಕು, ಯಾತನೆಯನ್ನು ಕುಗ್ಗಿಸಬೇಕು ಎಂದು 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ವಿಜ್ಞಾನಿಗಳೇ ನಿಯಮವಿತ್ತರು. ಇಷ್ಟೆಲ್ಲ ಇದ್ದರೂ ಮೂಕಪ್ರಾಣಿ ತಾನಾಗಿ ಕೊಡದುದನ್ನು ನಾವು ಪಡೆದಿದ್ದೇವೆ. ಪಡೆದ ಅರಿವು ಋಣ. ಅದನ್ನು ಗ್ರಂಥಾಲಯದಲ್ಲಿರಿಸಿ, ಮಗುವಿಗೆ ಮೂರ್ಛೆ ಬಂದಾಗ ಕೈಗೆ ಕಬ್ಬಿಣವನ್ನೂ ಮೂಗಿಗೆ ಈರುಳ್ಳಿಯನ್ನೂ ಹಿಡಿದು ಕೂಡುವುದಾದರೆ ಆ ಜೀವಿಗಳ ನೋವು ವ್ಯರ್ಥವಾಯಿತು. ಮಗುವಿನ ನೋವು ಅದರ ಮೇಲೆ ಕೂಡಿತು.

ಆದ್ದರಿಂದ ಸದ್ಭಕ್ತರಲ್ಲಿ ನಮ್ಮ ಬಿನ್ನಹವಿಷ್ಟೆ. ಸೆಳವು ಬಂದವರನ್ನು ಮಗ್ಗುಲಾಗಿ ಮಲಗಿಸಿರಿ. ಬಾಯಿಗೆ ಏನನ್ನೂ ಹಾಕದಿರಿ. 5 ನಿಮಿಷ ಮೀರಿದರೆ ಕೂಡಲೆ ಆಸ್ಪತ್ರೆಗೆ ಒಯ್ಯಿರಿ. ಬೇಗ ನಿಂತರೂ ವೈದ್ಯರನ್ನು ಕಾಣದೆ ಇರದಿರಿ. ಅವರು ಕೊಟ್ಟ ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸದಿರಿ. ಮಠಕ್ಕೆ ಬನ್ನಿ, ವಿಭೂತಿ ಧರಿಸಿ. ಅದು ಚಿಕಿತ್ಸೆಯನ್ನು ನಡೆಸಿಕೊಂಡು ಹೋಗುವ ಧೈರ್ಯಕ್ಕೆ.

ಹಿಟ್ನಾಳದ ಆ ಬಾಲಕಿಯನ್ನು ಎರಡನೆಯ ಸಲ ಬಂದ ದಿನವೇ ಆಸ್ಪತ್ರೆಗೆ ಕಳುಹಿದೆವು. ಮಾತ್ರೆಯಿಂದ ಮೂರ್ಛೆ ಹತೋಟಿಗೆ ಬಂದಿತು. ಈಗ ಗೃಹಿಣಿಯಾಗಿರುವ ಆಕೆ ಶ್ರೀಮಠಕ್ಕೆ ಬಂದಾಗಲೆಲ್ಲ ಪಾದಕ್ಕೆರಗುತ್ತಾಳೆ. ಆ ಸುಟ್ಟ ಕೈಯನ್ನು ಕಂಡಾಗ, ಎರಗಬೇಕಾದವರು ಯಾರೆಂದು ನಮ್ಮ ಮನಸ್ಸು ನಮ್ಮನ್ನೇ ಕೇಳುತ್ತದೆ.