ಹಳೆಯ ಸ್ಪೋರ್ಟ್ಸ್ ಕಾರು ಮತ್ತು ಶ್ರಾವಕನ ವ್ರತ

ಇನ್ನೊಬ್ಬರು ಬಳಸಿ ಬಿಟ್ಟ ವಸ್ತುವನ್ನು ಕೊಂಡವನಿಗೆ ಆ ವಸ್ತುವಿನ ದೋಷದಲ್ಲಿ ಪಾಲು ಕಡಿಮೆಯಾಗುತ್ತದೆಯೇ? ಮೇಲ್ನೋಟಕ್ಕೆ ಇದು ಚಿಕ್ಕ ಪ್ರಶ್ನೆ. ಆದರೆ ನಮ್ಮ ವಿಜಯಪುರದ ಸಮಾಜಬಾಂಧವರಲ್ಲಿ ಇದೇ ಪ್ರಶ್ನೆ ಈಚೆಗೆ ಮನಸ್ತಾಪಕ್ಕೆ ಎಡೆಮಾಡಿರುವುದರಿಂದ, ಶ್ರಾವಕಾಚಾರದ ದೃಷ್ಟಿಯಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ವಿಚಾರ ಮಾಡುವುದು ಉಚಿತವೆನಿಸಿತು.

ಸಂಗತಿ ಇಷ್ಟು. ಭೂತನಾಳ ಕೆರೆಯ ಕಡೆಗೆ ಮನೆ ಮಾಡಿಕೊಂಡಿರುವ ಯುವ ವ್ಯಾಪಾರಿಯೊಬ್ಬನು ಹತ್ತು ವರ್ಷ ಹಳೆಯದಾದ, ಇಬ್ಬರೇ ಕುಳಿತುಕೊಳ್ಳಬಹುದಾದ ವಿದೇಶೀ ಸ್ಪೋರ್ಟ್ಸ್ ಕಾರೊಂದನ್ನು ಕೊಳ್ಳುವ ಮಾತುಕತೆ ನಡೆಸಿದ್ದಾನೆ. ದಿನವೂ ನಗರದ ಅಂಗಡಿಗೆ, ವಾರಕ್ಕೆರಡು ಬಾರಿ ಒಣದ್ರಾಕ್ಷಿಯ ವ್ಯವಹಾರಕ್ಕಾಗಿ ತಿಕೋಟಾಕ್ಕೆ ಅದರಲ್ಲಿಯೇ ಓಡಾಡುವುದು ಅವನ ವಿಚಾರ. ಬಸದಿಯ ಟ್ರಸ್ಟಿನ ಕಮಿಟಿಗೆ ಅವನ ಹೆಸರು ಸೂಚಿತವಾಗಿತ್ತು. ಕಾರಿನ ಸುದ್ದಿ ಹಬ್ಬಿದೊಡನೆ ಹಿರಿಯರಿಬ್ಬರು ಆಕ್ಷೇಪವೆತ್ತಿದರು. ಪರಿಗ್ರಹವನ್ನು ಮೆರೆಸುವವನ ಕೈಗೆ ದೇವದ್ರವ್ಯದ ಲೆಕ್ಕ ಕೊಡುವುದು ಹೇಗೆ ಎಂಬುದು ಅವರ ಮಾತು. ಅವನು ಕೊಟ್ಟ ಉತ್ತರವೂ ತೂಕವಿಲ್ಲದ್ದಲ್ಲ: “ಕಾಕಾ, ನಾನೇನು ಹೊಸಾದು ತಗೊಳ್ಳಾಕತ್ತಿಲ್ಲರಿ. ನಿಮ್ಮ ಮನ್ಯಾಗಿನ ಹೊಸ ಗಾಡಿಗಿಂತ ಇದರ ರೊಕ್ಕ ಕಡಿಮಿ. ಶೆಡ್ಡಿನ್ಯಾಗ ಶೋಕಿಗೆ ನಿಂದರಸೂದಿಲ್ಲ, ದಿನಾ ಕೆಲಸಕ್ಕ ಓಡಸ್ತೀನಿ.”

ಹಿರಿಯರ ಆಕ್ಷೇಪವನ್ನು ಮೊದಲು ನೋಡೋಣ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ವ್ರತಕ್ಕೆ ಐದು ಅತಿಚಾರಗಳನ್ನು ಹೇಳುವಾಗ ಮೊದಲು ಹೆಸರಿಸಿರುವುದೇ ಅತಿವಾಹನ. ಲೋಭದಿಂದ ಎತ್ತು ಮೊದಲಾದ ವಾಹನಗಳನ್ನು ಮಿತಿಮೀರಿ ಓಡಿಸುವುದು ಎಂಬುದು ಅದರ ಅರ್ಥ. ಹಿರಿಯರು ಈ ಶಬ್ದವನ್ನು ಹಿಡಿದಿದ್ದರೆ ಅದು ಸರಿಯೇ. ಆದರೆ ಅದೇ ಪಟ್ಟಿಯಲ್ಲಿ ವಿಸ್ಮಯವೆಂಬುದೂ ಒಂದಿದೆ. ಇನ್ನೊಬ್ಬನಿಗೆ ಬಂದ ಸಂಪತ್ತನ್ನು ಕಂಡು ಬೆರಗಾಗಿ ಮನಸ್ಸನ್ನು ಕದಡಿಕೊಳ್ಳುವುದು ಅದು. ಅಂದಮೇಲೆ ಕಾರನ್ನು ಓಡಿಸುವವನು ಮಾತ್ರವೇ ಅತಿಚಾರದ ಅಂಚಿನಲ್ಲಿದ್ದಾನೆಂದು ಹೇಳುವಂತಿಲ್ಲ. ಕಟ್ಟೆಯ ಮೇಲೆ ಕುಳಿತು ಅದನ್ನೇ ದಿಟ್ಟಿಸುವವರೂ ತಮ್ಮ ಮನಸ್ಸನ್ನು ನೋಡಿಕೊಳ್ಳಬೇಕಾಗುತ್ತದೆ. ಶ್ರಾವಕನ ಬಾಹ್ಯ ಪರಿಗ್ರಹಗಳ ಗಣನೆಯಲ್ಲಿ ಯಾನವೂ ಸೇರುತ್ತದೆ. ಎಷ್ಟು ಯಾನಗಳೆಂಬ ಸಂಖ್ಯೆಯನ್ನು ಅವನೇ ವ್ರತದಲ್ಲಿ ನಿಶ್ಚಯಿಸಿಕೊಳ್ಳುತ್ತಾನೆ. ಎರಡು ವಾಹನಗಳೆಂದು ಮಿತಿ ಹಾಕಿಕೊಂಡವನು ಇದನ್ನು ಕೊಂಡು ಹಳೆಯದೊಂದನ್ನು ಮನೆಯಿಂದ ಕಳಿಸಿದರೆ ಅವನ ವ್ರತಕ್ಕೆ ಭಂಗವಿಲ್ಲ. ಮಿತಿಯನ್ನೇ ಹಾಕಿಕೊಳ್ಳದೆ ನಾಲ್ಕು ಸಾದಾ ಗಾಡಿಗಳನ್ನಿಟ್ಟುಕೊಂಡಿರುವ ಮನೆಯವರು ಇವನನ್ನು ಟೀಕಿಸುವಾಗ ಯಾವ ಆಧಾರದ ಮೇಲೆ ಟೀಕಿಸುತ್ತಾರೆಂಬುದು ನನಗೆ ಅರ್ಥವಾಗಿಲ್ಲ. ಟ್ರಸ್ಟಿಗೆ ಬೇಕಾದದ್ದು ಪ್ರಾಮಾಣಿಕತೆ; ಅದನ್ನು ಕಾರಿನ ಎತ್ತರದಿಂದ ಅಳೆಯುವುದು ಕಠಿಣ.

ಇನ್ನು ಯುವಕನ ಮೊದಲನೆಯ ಸಮರ್ಥನೆ: ಇದು ಹಳೆಯದು, ಆದ್ದರಿಂದ ಅಲ್ಪ ಪರಿಗ್ರಹ. ಇಲ್ಲಿ ನಾನು ಅವನ ಪಕ್ಷ ವಹಿಸಲಾರೆ. ಜಮಾಖರ್ಚಿನ ಪುಸ್ತಕದಲ್ಲಿ ಕಾರಿನ ಬೆಲೆ ಇಳಿಯುತ್ತದೆ, ನಿಜ. ಆದಾಯ ತೆರಿಗೆಯ ಲೆಕ್ಕದಲ್ಲಿ ಕಾರಿಗೆ ಸಾಮಾನ್ಯವಾಗಿ ವರ್ಷಕ್ಕೆ ಶೇಕಡಾ 15ರಂತೆ ಸವಕಳಿ. 1,00,000 ರೂಪಾಯಿ ಮರುವರ್ಷ 85,000, ಅದರ ಮರುವರ್ಷ 72,250. ಆದರೆ ಮೂರ್ಛೆಗೆ ಸವಕಳಿಯ ದರವಿಲ್ಲ. ಪರಿಗ್ರಹವೆಂದರೆ ವಸ್ತುವಿನ ಮೇಲಿನ ಮೂರ್ಛೆಯೆಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹೇಳುತ್ತದಲ್ಲವೇ? ಎಷ್ಟೋ ಜನರಿಗೆ ಹೊಸದಕ್ಕಿಂತ ಅಗ್ಗದಲ್ಲಿ ಸಿಕ್ಕ ಹಳೆಯದರ ಮೇಲೆಯೇ ಮೋಹ ಹೆಚ್ಚು, ಏಕೆಂದರೆ ಅದರಲ್ಲಿ ತಮ್ಮ ಜಾಣತನದ ಅಭಿಮಾನವೂ ಬೆರೆತಿರುತ್ತದೆ. ವ್ಯಾಪಾರಿಯಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಕೊಳ್ಳುವ ಬೆಲೆ ಮೂರನೆಯ ಒಂದು ಭಾಗಕ್ಕೆ ಇಳಿದಿದ್ದರೂ ಬ್ರೇಕ್ ಪ್ಯಾಡಿನ ಬೆಲೆ, ಟೈರಿನ ಬೆಲೆ, ಗೇರ್ ಬಾಕ್ಸಿನ ಬೆಲೆ ಅದರೊಡನೆ ಇಳಿದಿರುವುದಿಲ್ಲ. ಹಳೆಯ ಕಾರು ಹೊಸ ಕಾರಿನ ಖರ್ಚನ್ನೇ ಬೇಡುತ್ತದೆ.

ಇದಕ್ಕಿಂತ ಗಹನವಾದ ಪ್ರಶ್ನೆ ಕಾರಿನೊಳಗಿದೆ. ಇಂತಹ ಕಾರುಗಳಲ್ಲಿ ಬಹಳಷ್ಟರ ಆಸನ, ಸ್ಟಿಯರಿಂಗ್ ಚಕ್ರದ ಹೊದಿಕೆ, ಗೇರಿನ ಹಿಡಿಕೆಯ ಕವಚ ಇವೆಲ್ಲ ಪ್ರಾಣಿಯ ಚರ್ಮದವು. ಯುವಕರು ಹೇಳುವುದುಂಟು: ಆ ಪ್ರಾಣಿ ಹತ್ತು ವರ್ಷಗಳ ಹಿಂದೆಯೇ ಸತ್ತಿದೆ, ನಾನು ಕೊಲ್ಲಲಿಲ್ಲ, ನನಗಾಗಿ ಯಾರೂ ಕೊಲ್ಲಲಿಲ್ಲ, ನಾನು ಕೊಳ್ಳದಿದ್ದರೂ ಅದು ಬದುಕಿ ಬರುವುದಿಲ್ಲ. ಕೃತ, ಕಾರಿತ, ಅನುಮೋದನ ಎಂಬ ಮೂರರಲ್ಲಿ ಮೊದಲನೆಯದು ಇವನಿಗೆ ಸಲ್ಲದೆಂಬುದನ್ನು ಒಪ್ಪೋಣ. ಎರಡನೆಯದೂ ಸಲ್ಲದೆಂದು ಅಷ್ಟು ಸುಲಭವಾಗಿ ಹೇಳಬಹುದೇ? ಮೊದಲನೆಯ ಗಿರಾಕಿ ಹೊಸ ಕಾರು ಕೊಳ್ಳುವಾಗ ಏನು ಲೆಕ್ಕ ಹಾಕುತ್ತಾನೆಂಬುದನ್ನು ನೋಡಿರಿ. ಉದಾಹರಣೆಗೆ 60 ಲಕ್ಷ ಕೊಟ್ಟು ಕೊಂಡದ್ದನ್ನು ಕೆಲವು ವರ್ಷ ಓಡಿಸಿ 30 ಲಕ್ಷಕ್ಕೆ ಮಾರಬಹುದೆಂಬ ಭರವಸೆ ಅವನಿಗಿದ್ದರೆ, ಅವನ ನಿಜವಾದ ವೆಚ್ಚ 30 ಲಕ್ಷ ಮಾತ್ರ. ಆ ಭರವಸೆ ಇಲ್ಲದಿದ್ದರೆ ಎಷ್ಟೋ ಜನ ಕೊಳ್ಳುತ್ತಲೇ ಇರಲಿಲ್ಲ. ಹತ್ತು ವರ್ಷಗಳ ತರುವಾಯ ಬಂದ ಇವನ ರೊಕ್ಕವು ಹತ್ತು ವರ್ಷಗಳ ಹಿಂದಿನ ಖರೀದಿಯಲ್ಲಿ ಮೊದಲೇ ಪಾಲುಗೊಂಡಿತ್ತು. ಇವನು ಸಾದಾ ಗಿರಾಕಿಯಲ್ಲ, ತಡವಾಗಿ ಬಂಡವಾಳ ಹಾಕಿದ ಪಾಲುದಾರ. ಆದ್ದರಿಂದ ಹಳೆಯದೆಂಬ ಕಾರಣದಿಂದ ದೋಷ ತೊಳೆದುಹೋಗುವುದಿಲ್ಲವೆಂದೇ ನನ್ನ ಅಭಿಪ್ರಾಯ. ಪಾಲು ಚಿಕ್ಕದಾಗಿರಬಹುದು, ಸೊನ್ನೆಯಲ್ಲ.

ಪ್ರಾಯೋಗಿಕವಾಗಿ ಇದಕ್ಕೆ ದಾರಿಯಿದೆ. ಚರ್ಮದಂತೆಯೇ ತೋರುವ ಕೃತಕ ಹೊದಿಕೆಯನ್ನು ಕಾರಖಾನೆಯಿಂದಲೇ ಹಾಕಿಸಿಕೊಂಡು ಬಂದ ಗಾಡಿಗಳು ಬಹಳ ಕಾಲದಿಂದ ಇವೆ; ಹುಡುಕುವ ವ್ಯವಧಾನ ಬೇಕಷ್ಟೆ. ಅದು ಸಿಗದಿದ್ದರೆ ಚರ್ಮವನ್ನು ತೆಗೆಸಿ ಬಟ್ಟೆ ಅಥವಾ ರೆಕ್ಸಿನ್ ಹಾಕಿಸಬಹುದು. ಹಾಗೆ ಮಾಡಿಸಿದರೆ ಮರುಮಾರಾಟದಲ್ಲಿ ಬೆಲೆ ಇಳಿಯುತ್ತದೆಂದು ಏಜೆಂಟರು ಹೆದರಿಸುತ್ತಾರೆ. ಇಳಿಯಲಿ. ಆ ಇಳಿಕೆಯೇ ಮುಂದಿನ ಕೊಂಡಿಯನ್ನು ಕಡಿಯುತ್ತದೆ. ಚರ್ಮದ ಮೇಲೊಂದು ಬಟ್ಟೆಯ ಕವರು ಹೊದಿಸಿ ಬಸದಿಯ ಮುಂದೆ ನಿಲ್ಲಿಸುವುದು ಮಾತ್ರ ನನಗೆ ಸೇರದು. ಅದು ಊರವರ ಕಣ್ಣಿಗೆ ಮಾಡಿದ ವ್ಯವಸ್ಥೆ.

ಹಳೆಯ ವಾಹನದ ವ್ಯಾಪಾರದಲ್ಲಿ ಇವನು ಹೆಚ್ಚು ಎಚ್ಚರದಿಂದ ನೋಡಬೇಕಾದುದು ಅಚೌರ್ಯಾಣುವ್ರತವನ್ನು. ನಾವು ಈ ವ್ರತವನ್ನು ಕದಿಯಬಾರದೆಂಬ ಒಂದೇ ಮಾತಿಗೆ ಇಳಿಸಿ ಮುಗಿಸಿಬಿಟ್ಟಿದ್ದೇವೆ. ಅದರ ಅತಿಚಾರಗಳನ್ನು ಓದಿದರೆ ಸೆಕೆಂಡ್ ಹ್ಯಾಂಡ್ ಕಾರಿನ ಪೇಟೆಯನ್ನು ಕಣ್ಣಾರೆ ಕಂಡವರೇ ಬರೆದಂತಿದೆ. ಕದ್ದು ತಂದ ವಸ್ತುವನ್ನು ಕೊಳ್ಳುವುದು ಒಂದು. ವಾಹನದ ನಂಬರು ಹಾಕಿದರೆ ನೋಂದಣಿಯ ವಿವರ, ಸಾಲದ ಬಾಧ್ಯತೆ, ವಿಮೆಯ ಅವಧಿ ಇವನ್ನು ಸರ್ಕಾರದ ವಾಹನ್ ವ್ಯವಸ್ಥೆಯಲ್ಲಿ ನೋಡಬಹುದಾಗಿದೆ. ಎಂಜಿನ್ ನಂಬರನ್ನೂ ಚಾಸಿ ನಂಬರನ್ನೂ ಆರ್.ಸಿ.ಯೊಡನೆ ತಾಳೆ ನೋಡದೆ ರೊಕ್ಕ ಕೊಡುವವನು ಈ ಅತಿಚಾರಕ್ಕೆ ಬಾಗಿಲು ತೆರೆದಿಟ್ಟಂತೆ. ಹೀನಾಧಿಕ ಮಾನೋನ್ಮಾನ, ಅಂದರೆ ಕಳ್ಳ ಅಳತೆ, ಇನ್ನೊಂದು. ನಮ್ಮ ಅಜ್ಜಂದಿರ ಕಾಲದಲ್ಲಿ ಅದು ಸೇರು, ಪಾವು, ತಕ್ಕಡಿಗೆ ಸಂಬಂಧಿಸಿತ್ತು. ಇಂದು ಅದು ಮೀಟರಿಗೆ ಸಂಬಂಧಿಸಿದೆ. 90,000 ಕಿಲೋಮೀಟರ್ ಓಡಿದ ಗಾಡಿಯ ಮೀಟರನ್ನು ತಿದ್ದಿ 35,000 ಎಂದು ತೋರಿಸುವವನು ತಕ್ಕಡಿಯ ತಳಕ್ಕೆ ಹುಣಸೆಹಣ್ಣು ಅಂಟಿಸಿದವನ ಜಾತಿಗೇ ಸೇರಿದವನು. ಸರ್ವಿಸಿನ ಹಳೆಯ ದಾಖಲೆಗಳನ್ನು ಕೇಳಿ ಪಡೆದು ವರ್ಷವಾರು ಕಿಲೋಮೀಟರನ್ನು ಹೊಂದಿಸಿ ನೋಡಿದರೆ ಈ ಮೋಸ ಸಾಮಾನ್ಯವಾಗಿ ಹೊರಬೀಳುತ್ತದೆ. ನಕಲಿ ಬಿಡಿಭಾಗ ಹಾಕಿ ಅಸಲಿಯೆನ್ನುವುದು, ನೀರಿನಲ್ಲಿ ಮುಳುಗಿದ ಗಾಡಿಯನ್ನು ಒಣಗಿಸಿ ಬಣ್ಣ ಬಳಿದು ಮಾರುವುದು ಇವು ಪ್ರತಿರೂಪಕ ವ್ಯವಹಾರ. ಕೊಳ್ಳುವವನು ಮೋಸಹೋದರೆ ಪಾಪ ಅವನದಲ್ಲ. ಗೊತ್ತಿದ್ದೂ ಬೆಲೆ ಇಳಿಸಿಕೊಂಡು ಸುಮ್ಮನಾದರೆ ಮಾತ್ರ ಅವನದೂ ಹೌದು.

ನಮ್ಮ ಜಿಲ್ಲೆಗೆ ವಿಶೇಷವಾಗಿ ತಟ್ಟುವುದು ವಿರುದ್ಧರಾಜ್ಯಾತಿಕ್ರಮ, ಅಂದರೆ ರಾಜ್ಯದ ಕಟ್ಟಳೆಯನ್ನು ಮೀರಿ ಲಾಭ ಮಾಡಿಕೊಳ್ಳುವುದು. ಗಡಿ ಹತ್ತಿರ, ಸೋಲಾಪುರ ನೂರು ಕಿಲೋಮೀಟರಿನ ಆಸುಪಾಸಿನಲ್ಲಿದೆ, ಮಹಾರಾಷ್ಟ್ರದ ನಂಬರಿನ ಕಾರು ನಮ್ಮ ಗಾಂಧಿ ಚೌಕದಲ್ಲಿ ಯಾರಿಗೂ ಹೊಸದಲ್ಲ. ಹೊರರಾಜ್ಯದ ವಾಹನವನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಇಲ್ಲಿಯ ನೋಂದಣಿ ಆಗಬೇಕು. ನಮ್ಮ ರಾಜ್ಯದ ತೆರಿಗೆಯನ್ನೂ ಕಟ್ಟಬೇಕು. ಈ ತೆರಿಗೆ ಭಾರವಾದದ್ದೆಂಬುದರಲ್ಲಿ ಅನುಮಾನವಿಲ್ಲ. ಅದನ್ನು ತಪ್ಪಿಸಲು ದೊಡ್ಡವರೂ ಹಿಂದೆಗೆದಿಲ್ಲ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಅಧಿಕಾರಿಗಳು ಇಂತಹ ಸುಮಾರು 30 ದುಬಾರಿ ಕಾರುಗಳನ್ನು ವಶಪಡಿಸಿಕೊಂಡರು; ಫೆರಾರಿ, ಪೋರ್ಶೆಗಳೂ ಅದರಲ್ಲಿದ್ದವು. ಅದೇ ವರ್ಷದ ಜುಲೈಯಲ್ಲಿ ಮಹಾರಾಷ್ಟ್ರದ ನೋಂದಣಿಯ ಒಂದೇ ಒಂದು ಫೆರಾರಿಯಿಂದ ಸುಮಾರು 1.42 ಕೋಟಿ ರೂಪಾಯಿ ವಸೂಲಾಯಿತು. ಪುಣೆಯಲ್ಲಿ ಗಾಡಿ ಅಗ್ಗ ಸಿಕ್ಕಿತೆಂದು ಹೇಳುವವರು ಆ ಅಗ್ಗದಲ್ಲಿ ಇಲ್ಲಿಯ ತೆರಿಗೆಯನ್ನು ಸೇರಿಸಿ ಹೇಳುತ್ತಾರೋ, ಬಿಟ್ಟು ಹೇಳುತ್ತಾರೋ ಕೇಳಿರಿ. ಟ್ರಸ್ಟಿನ ಕಮಿಟಿಯವರು ಈ ಯುವಕನನ್ನು ಏನಾದರೂ ಕೇಳಲೇಬೇಕೆಂದಿದ್ದರೆ ಈ ಒಂದು ಪ್ರಶ್ನೆಯನ್ನು ಕೇಳಬಹುದು. ಇದಕ್ಕೂ ದೇವದ್ರವ್ಯದ ಲೆಕ್ಕಕ್ಕೂ ನಿಜವಾಗಿ ಸಂಬಂಧವಿದೆ.

ಎರಡನೆಯ ಸಮರ್ಥನೆ ದಿನಬಳಕೆಯದು. ಇದರಲ್ಲಿ ಅವನ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಒಮ್ಮೆ ಅನುಭವಿಸಿ ಬಿಡುವುದು ಭೋಗ, ಮತ್ತೆ ಮತ್ತೆ ಬಳಸುವುದು ಉಪಭೋಗ ಎಂದು ಸಮಂತಭದ್ರರ ವಿಭಾಗ. ಊಟ ಮೊದಲನೆಯದಕ್ಕೆ, ಬಟ್ಟೆ ಎರಡನೆಯದಕ್ಕೆ ಉದಾಹರಣೆ. ಕಾರು ಉಪಭೋಗ. ಬಳಕೆಯಲ್ಲಿರುವ ಉಪಭೋಗಕ್ಕಿಂತ ಬಳಸದೆ ಕೂಡಿಟ್ಟದ್ದರಲ್ಲಿ ಮೂರ್ಛೆಯ ಅಂಶ ಹೆಚ್ಚು. ಮಖಮಲ್ಲಿನ ಹೊದಿಕೆ ಹಾಕಿ, ಭಾನುವಾರ ಒಮ್ಮೆ ತೆಗೆದು ಒರೆಸಿ, ಮತ್ತೆ ಮುಚ್ಚಿಡುವ ಕಾರು ಕಪಾಟಿನ ಬಂಗಾರದಂತೆ. ಧೂಳು ತಿಂದು, ಅಂಗಡಿಯ ಮುಂದೆ ಬಿಸಿಲಲ್ಲಿ ನಿಂತು, ಬಾಗಿಲಿಗೆ ಸೈಕಲ್ಲು ತಾಗಿ ಗೀರು ಬಿದ್ದ ಕಾರಿನ ಮೇಲೆ ಮೋಹ ಉಳಿಯುವುದು ಕಷ್ಟ. ಒಂದು ವರ್ಷ ವಿಜಯಪುರದ ರಸ್ತೆಯಲ್ಲಿ ದಿನಾ ಓಡಿಸಿದರೆ ವೈರಾಗ್ಯ ಬರುವುದೆಂದು ಒಬ್ಬ ಮೆಕ್ಯಾನಿಕ್ ತಮಾಷೆಯಾಗಿ ಹೇಳಿದ್ದುಂಟು.

ಆ ತಮಾಷೆಯಲ್ಲಿ ಸತ್ಯಾಂಶವಿದೆ. ನಿಯಮದ ಪ್ರಕಾರ ಕಟ್ಟಿದ ರಸ್ತೆಯ ಹಂಪಿನ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. ಸ್ಪೋರ್ಟ್ಸ್ ಕಾರುಗಳ ಹೊಟ್ಟೆಗೂ ನೆಲಕ್ಕೂ ಇರುವ ಅಂತರ ಸಾಮಾನ್ಯವಾಗಿ 11ರಿಂದ 14 ಸೆಂಟಿಮೀಟರ್. ಹಳ್ಳಿಯ ಜನ ತಮ್ಮ ಮಕ್ಕಳ ರಕ್ಷಣೆಗಾಗಿ ತಾವೇ ಹಾಕಿಕೊಂಡ ಹಂಪುಗಳಿಗೆ ಯಾವ ನಿಯಮದ ಅಳತೆಯೂ ಇಲ್ಲ. ಎರೆಭೂಮಿಯ ಮೇಲಿನ ರಸ್ತೆ ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಅಲೆಅಲೆಯಾಗುತ್ತದೆ. ಹೀಗಾಗಿ ದಿನಬಳಕೆಗೆ ಈ ಗಾಡಿ ಇಲ್ಲಿ ಹೊಂದುವುದೇ ಎಂಬ ಸಂದೇಹ ವ್ಯವಹಾರಜ್ಞಾನದ ಸಂದೇಹ. ಧರ್ಮದ ಹೆಸರಿನಲ್ಲಿ ಅದನ್ನು ಹೇಳಬೇಕಾಗಿಲ್ಲ.

ಧರ್ಮದ ಸಂದೇಹವಿರುವುದು ಪ್ರಮಾದದ ವಿಷಯದಲ್ಲಿ. ಪ್ರಮಾದದಿಂದ ಕೂಡಿದ ಪ್ರವೃತ್ತಿಯಿಂದ ಪ್ರಾಣಹಾನಿಯಾಗುವುದೇ ಹಿಂಸೆಯೆಂಬುದು ಉಮಾಸ್ವಾಮಿಗಳು ಕೊಟ್ಟ ಲಕ್ಷಣ. ಮುನಿಗಳು ಈರ್ಯಾಸಮಿತಿಯಲ್ಲಿ ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ನಡೆಯುತ್ತಾರೆ. ಗಂಟೆಗೆ 60 ಕಿಲೋಮೀಟರಿನಲ್ಲಿ ಹೋಗುವ ಯಾವುದೇ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್, ಅಂದರೆ ಮೂವತ್ತೇಳು ಮೊಳಕ್ಕೂ ಹೆಚ್ಚು ಸಾಗಿರುತ್ತದೆ. ವೇಗ ಇಮ್ಮಡಿಯಾದರೆ ಬ್ರೇಕು ಹಾಕಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಮಡಿ. ನ್ಯಾಯವಾಗಿ ಹೇಳಬೇಕೆಂದರೆ ಸ್ಪೋರ್ಟ್ಸ್ ಕಾರಿನ ಬ್ರೇಕು ನಮ್ಮ ಸಾದಾ ಗಾಡಿಗಳ ಬ್ರೇಕಿಗಿಂತ ಉತ್ತಮ. ಆದರೆ ಅದರ ಆಸನ ತೀರ ಕೆಳಗಿದೆ. ಮುಂದಿರುವ ಕಬ್ಬಿನ ಟ್ರ್ಯಾಕ್ಟರಿನ ಆಚೆ ಏನಿದೆಯೆಂಬುದು ಕಾಣುವುದಿಲ್ಲ. ಅದರ ಎಂಜಿನ್ ನಿಧಾನವನ್ನು ಸಹಿಸುವುದಿಲ್ಲವೆಂಬಂತೆ ಸದ್ದು ಮಾಡುತ್ತ ಓಡಿಸುವವನನ್ನು ಕೆಣಕುತ್ತಿರುತ್ತದೆ. ತಿಕೋಟಾದ ರಸ್ತೆಯಲ್ಲಿ ಸಂಜೆ ಕುರಿಯ ಹಿಂಡುಗಳು ಮರಳುವ ಹೊತ್ತು, ಹಿಂದಿನ ದೀಪವಿಲ್ಲದ ಟ್ರೇಲರುಗಳು, ಮೊದಲ ಮಳೆಗೆ ಕೆರೆಯ ಕಡೆಯಿಂದ ರಸ್ತೆಗೆ ಬರುವ ಕಪ್ಪೆಗಳು: ಇವೆಲ್ಲ ಅವನು ದಿನಾ ಹಾಯುವ ದಾರಿಯಲ್ಲಿಯೇ ಇವೆ. ಅವನು ಈ ಕಾರನ್ನು ಕೊಳ್ಳುವುದಾದರೆ ವೇಗಕ್ಕೊಂದು ಮಿತಿಯನ್ನು ನಿಯಮವಾಗಿ ತೆಗೆದುಕೊಳ್ಳಬೇಕು. ಚಾತುರ್ಮಾಸದಲ್ಲಿ ಜೀವೋತ್ಪತ್ತಿ ಹೆಚ್ಚೆಂದು ಮುನಿಗಳು ವಿಹಾರವನ್ನೇ ನಿಲ್ಲಿಸುತ್ತಾರೆ. ಶ್ರಾವಕನು ಆ ನಾಲ್ಕು ತಿಂಗಳು ರಾತ್ರಿಯ ಓಡಾಟವನ್ನಾದರೂ ಬಿಟ್ಟರೆ ದೇಶಾವಕಾಶಿಕ ವ್ರತದ ಅಭ್ಯಾಸವೂ ಆಗುತ್ತದೆ.

ಕೊನೆಯದಾಗಿ, ಹಳೆಯ ಕಾರನ್ನು ಕೊಂಡವನು ಒಂದು ದಿನ ಮಾರುವವನೂ ಆಗುತ್ತಾನೆ. ಆಗ ಗೇರ್ ಬಾಕ್ಸಿನ ಸದ್ದನ್ನೂ, ಹಿಂದೆ ಆದ ಡಿಕ್ಕಿಯನ್ನೂ ಕೇಳುವ ಮೊದಲೇ ಹೇಳಬೇಕು. ಕಾಗದಪತ್ರದ ವಿಷಯದಲ್ಲಿ ನಮ್ಮವರು ಬಹಳ ಉದಾಸೀನರು. ರೊಕ್ಕ ಬಂತು, ಕೀಲಿ ಕೊಟ್ಟೆವು, ಮುಗಿಯಿತೆನ್ನುತ್ತಾರೆ. ಆರ್.ಟಿ.ಓ. ದಾಖಲೆಯಲ್ಲಿ ಹೆಸರು ಬದಲಾಗದಿದ್ದರೆ ಅಪಘಾತದ ಪರಿಹಾರದ ಹೊಣೆ ಹೆಸರಿದ್ದವನ ಮೇಲೆಯೇ ಉಳಿಯುತ್ತದೆಂದು 2018ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಇದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವನು 14 ದಿನಗಳಲ್ಲಿ, ಕೊಂಡವನು 30 ದಿನಗಳಲ್ಲಿ ಇಲಾಖೆಗೆ ತಿಳಿಸಬೇಕು. ನಮೂನೆ 29, 30ಕ್ಕೆ ಸಹಿ ಮಾಡಿ ಏಜೆಂಟನ ಕೈಗಿತ್ತು ಮರೆಯದೆ, ಹೆಸರು ಬದಲಾದ ಆರ್.ಸಿ.ಯ ಪ್ರತಿಯನ್ನು ಕಣ್ಣಾರೆ ನೋಡಿದ ಮೇಲೆಯೇ ಆ ಖಾತೆಯನ್ನು ಮುಚ್ಚಬೇಕು.