ಇಂದಿನ ಧಮ್ಮ ಚಿಂತನೆ: ಕಾವು ಕೂತ ಕೋಳಿ



ಮಜ್ಝಿಮ ನಿಕಾಯದ ಚೇತೋಖಿಲ ಸುತ್ತದಲ್ಲಿ ಭಗವಾನ್ ಬುದ್ಧರು ಕೋಳಿಯ ಉಪಮೆ ಕೊಡುತ್ತಾರೆ. ಎಂಟೋ ಹತ್ತೋ ಹನ್ನೆರಡೋ ಮೊಟ್ಟೆಗಳಿಗೆ ಕೋಳಿ ಸರಿಯಾಗಿ ಕಾವು ಕೊಟ್ಟಿದ್ದರೆ, ಅದು ಹಾರೈಸದಿದ್ದರೂ ಮರಿಗಳು ಚಿಪ್ಪು ಒಡೆದು ಬರುತ್ತವೆ. ಕಾವು ಕೊಡದಿದ್ದರೆ ಎಷ್ಟು ಹಾರೈಸಿದರೂ ಬಾರವು.

ನಮ್ಮ ಹಿತ್ತಲಿನಲ್ಲೂ ನಾಲ್ಕಾರು ನಾಟಿ ಕೋಳಿಗಳಿವೆ. 21 ದಿನ ಹ್ಯಾಟೆ ಮೇವು-ನೀರಿಗೆ ಎದ್ದುಹೋಗುವುದು ಬಿಟ್ಟರೆ ಕದಲುವುದಿಲ್ಲ. ಮರಿಯಾದ ಮೇಲೆ ನಮ್ಮ ಪಾಲಿನ ಕೆಲಸ ಶುರು. ಹದ್ದು ಸುಳಿದರೆ ಬುಟ್ಟಿ ಕವುಚಬೇಕು. ನೀರಿನ ತಟ್ಟೆ ದಿನವೂ ತೊಳೆಯಬೇಕು. ಮೊದಲ ವಾರದಲ್ಲೇ ಕೊಕ್ಕರೆ ರೋಗದ ಲಸಿಕೆ ಹನಿ ಹಾಕಿಸಬೇಕು. ಸಂಜೆ ಎಣಿಸಿ, ಬೆಕ್ಕು ಮುಂಗುಸಿ ನುಗ್ಗದಂತೆ ಗೂಡಿನ ಬಾಗಿಲು ಭದ್ರಪಡಿಸಬೇಕು.

ಹಿಂದೆ ಕೇರಿಯಲ್ಲಿ ಕೋಳಿಗಳಿಗೆ ರೋಗ ಬಡಿದರೆ ಮಾರಿಗೆ ಹರಕೆ ಹೊರುತ್ತಿದ್ದರು. ರೋಗಕ್ಕೆ ಉಳಿದ ಹುಂಜ ಹರಕೆಗೆ ಹೋಗುತ್ತಿತ್ತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ 13ನೆಯದು, ಎಲ್ಲ ಜೀವಿಗಳಿಗೂ ದಯೆ ತೋರಿ ಕಾಪಾಡುವುದು. ಹರಕೆ ಒಂದು ದಿನದ್ದು, ಕಾಪಾಡುವುದು ದಿನದಿನದ್ದು.

ಮಕ್ಕಳ ಓದೂ ಹೀಗೆಯೇ. ಪರೀಕ್ಷೆ ಬಂದಾಗ ಬಾಬಾಸಾಹೇಬರ ಫೋಟೋಗೆ ಹೂವಿಟ್ಟು 'ಪಾಸು ಮಾಡಿಸಪ್ಪಾ' ಎನ್ನುವ ತಂದೆತಾಯಂದಿರನ್ನು ಮೇಷ್ಟ್ರಾಗಿ ನಾನು ಪ್ರತಿ ವರ್ಷ ನೋಡುತ್ತೇನೆ. ಹರಕೆ ಬಿಟ್ಟು ಬಂದ ನಾವು ಅವರನ್ನೇ ಹರಕೆಯ ದೇವರು ಮಾಡಬಾರದು. ಇವತ್ತು ರಾತ್ರಿ ಟಿವಿ ಆರಿಸಿ, ಮಗುವಿನ ಪುಸ್ತಕದ ಪಕ್ಕ ಅರ್ಧ ಗಂಟೆ ಕೂರೋಣ. ನಾಳೆಯೂ ಕೂರೋಣ. ಕಾವು ಅಂದರೆ ಅದೇ.

ಭವತು ಸಬ್ಬ ಮಂಗಲಂ.