ಸೇವೆ ಯಾರಿಗಾಗಿ?

ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ನಿಂತಾಗ ಈಚೆಗೆ ಇಂಥ ಮಾತುಗಳು ಕಿವಿಗೆ ಬೀಳುತ್ತವೆ. "ನಮ್ಮ ಹುಡುಗ ನೇಪಾಳಕ್ಕೆ ಹೋಗಿದ್ದಾನೆ, ಶಾಲೆ ಕಟ್ಟಲಿಕ್ಕೆ." "ನಮ್ಮವಳು ಕೀನ್ಯಾದಲ್ಲಿ ಇಂಗ್ಲಿಷ್ ಹೇಳಿಕೊಟ್ಟು ಬಂದಳು." ಹನ್ನೆರಡನೇ ತರಗತಿ ಮುಗಿಸಿ, ಬಡ ದೇಶವೊಂದರಲ್ಲಿ ಕೆಲವು ವಾರ ಸ್ವಯಂಸೇವೆ ಮಾಡಿ ಬರುವುದು ಇಲ್ಲಿ ಆಸ್ಟ್ರೇಲಿಯದ ಅನೇಕ ಮಕ್ಕಳ ಆಸೆ. ನಮ್ಮ ಮಗಳೂ ಕಾಂಬೋಡಿಯದ ಅನಾಥಾಲಯವೊಂದಕ್ಕೆ ಎರಡು ವಾರ ಹೋಗುತ್ತೇನೆಂದಳು. ನನಗೆ ಹೆಮ್ಮೆಯಾಯಿತು. ಮೆಡಿಕಲ್ ಸೀಟಿನ ಸಂದರ್ಶನದಲ್ಲಿ ಹೇಳಿಕೊಳ್ಳಲು ಒಳ್ಳೆಯ ವಿಷಯ ಎಂಬ ಲೆಕ್ಕಾಚಾರವೂ ಮನಸ್ಸಿನ ಮೂಲೆಯಲ್ಲಿತ್ತು, ಒಪ್ಪಿಕೊಳ್ಳುತ್ತೇನೆ.

ತುಮಕೂರಿನಲ್ಲಿರುವ ನನ್ನ ತಾಯಿ ಫೋನಿನಲ್ಲಿ ಮೊಮ್ಮಗಳನ್ನು ಎರಡೇ ಪ್ರಶ್ನೆ ಕೇಳಿದರು. "ಆ ಮಕ್ಕಳಿಗೆ ಹೆತ್ತವರು ಯಾರೂ ಇಲ್ವೇನೇ ಪುಟ್ಟಿ? ನೀನು ವಾಪಸ್ ಬಂದ ಮೇಲೆ ಅವರನ್ನ ಯಾರು ನೋಡ್ಕೋತಾರೆ?"

ಉತ್ತರ ಹುಡುಕಲು ಹೋಗಿ ನಾವು ತಲೆತಗ್ಗಿಸಬೇಕಾಯಿತು. ಯುನಿಸೆಫ್ 2011ರಲ್ಲಿ ತಿಳಿಸಿದಂತೆ, ಕಾಂಬೋಡಿಯದಲ್ಲಿ ಇಂಥ ಮಕ್ಕಳ ನಿಲಯಗಳ ಸಂಖ್ಯೆ 2005ರಿಂದ 2010ರೊಳಗೆ ಶೇಕಡಾ 75ರಷ್ಟು ಏರಿತ್ತು. ಅಲ್ಲಿದ್ದ ನಾಲ್ಕು ಮಕ್ಕಳಲ್ಲಿ ಸುಮಾರು ಮೂವರಿಗೆ ತಂದೆಯೋ ತಾಯಿಯೋ ಬದುಕಿದ್ದರು! ವಿದೇಶಿಯರು ಬರುತ್ತಾರೆ, ಮಕ್ಕಳನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ, ಹಣ ಕೊಡುತ್ತಾರೆ. ಹಣ ಬರುವುದೆಂದ ಮೇಲೆ ಮಕ್ಕಳು ಬೇಕಲ್ಲ? ಊಟ ಹಾಕಿ ಓದಿಸುತ್ತೇವೆಂದು ಹಳ್ಳಿಯ ಬಡವರಿಂದ ಮಕ್ಕಳನ್ನು ಕರೆತರುತ್ತಾರೆ. ಎಲ್ಲ ನಿಲಯಗಳೂ ಹೀಗೆಂದಲ್ಲ. ಆದರೆ ಆಸ್ಟ್ರೇಲಿಯದ ಸಂಸತ್ತಿನ ಸಮಿತಿಯೊಂದು 2017ರಲ್ಲಿ ಇಂಥ ವ್ಯವಹಾರವನ್ನು ಆಧುನಿಕ ಗುಲಾಮಗಿರಿಯ ಸಾಲಿಗೇ ಸೇರಿಸಿತು.

"ಏನೂ ಮಾಡದೆ ಕೂರುವುದಕ್ಕಿಂತ ಮೇಲಲ್ಲವೇ?" ಎಂದು ಸ್ನೇಹಿತರೊಬ್ಬರು ವಾದಿಸಿದರು. ನನಗೆ ಹಾಗನ್ನಿಸುವುದಿಲ್ಲ. ಎರಡು ವಾರಕ್ಕೊಬ್ಬ ಹೊಸ ಅಕ್ಕ ಬಂದು, ಮುದ್ದು ಮಾಡಿ, ಕಣ್ಣೀರಿಟ್ಟು ಹೊರಟುಹೋದರೆ ಆ ಮಗುವಿಗೆ ಏನನ್ನಿಸಬೇಕು? ಹೊರಡುವವರ ಕಣ್ಣೀರು ವಿಮಾನ ಹತ್ತುವವರೆಗೆ ಮಾತ್ರ. ಬೆಂಗಳೂರಿನಲ್ಲಿ ಅಪ್ಪ ಅಮ್ಮನನ್ನು ಬಿಟ್ಟು ಬರುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯವು ಸಾತ್ವಿಕ ದಾನಕ್ಕೆ ಕೊಡುವವನ ಒಳ್ಳೆಯ ಮನಸ್ಸೊಂದೇ ಸಾಕೆನ್ನುವುದಿಲ್ಲ, ದೇಶ, ಕಾಲ, ಪಾತ್ರಗಳನ್ನೂ ನೋಡಬೇಕೆನ್ನುತ್ತದೆ. ಪ್ರತಿಫಲದ ಆಸೆಯಿಂದ ಕೊಟ್ಟದ್ದು ರಾಜಸ. ನನ್ನ ಸಂದರ್ಶನದ ಲೆಕ್ಕಾಚಾರ ಯಾವ ಗುಂಪಿಗೆ ಸೇರಿತೆಂದು ಬೇರೆ ಹೇಳಬೇಕಿಲ್ಲ.

ಇವಾನ್ ಇಲಿಚ್ ಎಂಬ ಚಿಂತಕ 1968ರಲ್ಲಿ ಮೆಕ್ಸಿಕೋದಲ್ಲಿ, ಸೇವೆಗೆಂದು ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳ ಎದುರಿಗೇ ನಿಷ್ಠುರವಾಗಿ ಮಾತನಾಡಿದ. ನೋಡಲು ಬನ್ನಿ, ಕಲಿಯಲು ಬನ್ನಿ, ಉದ್ಧಾರ ಮಾಡಲು ಮಾತ್ರ ಬರಬೇಡಿ ಎಂಬುದು ಅವನ ಮಾತಿನ ಸಾರ. ಇದು ಸ್ವಲ್ಪ ಅತಿಯಾಯಿತೆಂದು ನನ್ನ ಅಭಿಪ್ರಾಯ. ಭಾರತಕ್ಕೂ 1961ರಿಂದ 1976ರವರೆಗೆ ಅಮೆರಿಕದ ಪೀಸ್ ಕೋರ್ ಸ್ವಯಂಸೇವಕರು ಬರುತ್ತಿದ್ದರು. ಆಗ ನಾವೇ ಪಡೆಯುವವರ ಕಡೆ ಇದ್ದೆವು. ನಮ್ಮ ತಂದೆಯವರು ಅಂಥ ಒಬ್ಬನನ್ನು ಕಂಡಿದ್ದರಂತೆ. ಕೋಳಿ ಸಾಕಣೆ ಹೇಳಿಕೊಡಲು ಬಂದವನು, ಹರಕುಮುರುಕು ಕನ್ನಡ ಮಾತಾಡುತ್ತ, ಮುದ್ದೆ ನುಂಗುವುದನ್ನು ಕಲಿತು ಎರಡು ವರ್ಷ ಇದ್ದ. ಕೋಳಿಗಳು ರೋಗ ಬಂದು ಸತ್ತವಂತೆ. ಆದರೂ ತಂದೆಯವರು ಕೊನೆಯವರೆಗೂ ಅವನನ್ನು "ನಮ್ಮ ಹುಡುಗ" ಎನ್ನುತ್ತಿದ್ದರು. ಎರಡು ವಾರಕ್ಕೆ ಬಂದಿದ್ದರೆ ಹಾಗೆ ಅನ್ನುತ್ತಿದ್ದರೇ?

ಮಗಳು ಅಜ್ಜಿಯ ಎರಡೂ ಪ್ರಶ್ನೆಗಳನ್ನು ಏಜೆನ್ಸಿಯವರಿಗೆ ಬರೆದು ಕಳಿಸಿದಳು. ಉತ್ತರದಲ್ಲಿ ಹಣ ಕಟ್ಟಬೇಕಾದ ದಿನಾಂಕವಿತ್ತು, ಮಕ್ಕಳ ವಿಷಯ ಇರಲಿಲ್ಲ. ಅವಳು ಹೋಗಲಿಲ್ಲ. ಗೆಳತಿಯರು ಹೋದರು. ತಾನು ಸ್ವಾರ್ಥಿಯಾದೆನೇ ಎಂದು ಎಷ್ಟೋ ದಿನ ಮುಖ ಸಣ್ಣದು ಮಾಡಿಕೊಂಡಿದ್ದಳು. ನನ್ನ ಬಳಿ ಸಮಾಧಾನದ ಮಾತು ಇರಲಿಲ್ಲ.

ರಜೆಯಲ್ಲಿ ನಾವೆಲ್ಲ ಸೇರಿ ಕಾಂಬೋಡಿಯಕ್ಕೆ ಯಾತ್ರಿಕರಾಗಿ ಹೋದೆವು. ಹನ್ನೆರಡನೇ ಶತಮಾನದಲ್ಲಿ ವಿಷ್ಣುವಿಗಾಗಿ ಕಟ್ಟಿದ ಆಂಗ್ಕೋರ್ ವಾಟ್ ಕಂಡೆವು. ಗೋಡೆಯ ಮೇಲಿನ ಸಮುದ್ರಮಥನದ ಎದುರು ಮಗಳು ಬಹಳ ಹೊತ್ತು ನಿಂತಿದ್ದಳು. ಅವತ್ತು ಸಂಜೆ ಅಜ್ಜಿಯ ಫೋನ್ ಬಂತು.

"ಹೋದ ಕಡೆ ಏನು ಮಾಡಿದೆಯೇ ಪುಟ್ಟಿ?"

"ಏನೂ ಮಾಡಲಿಲ್ಲ ಅಜ್ಜಿ. ನೋಡಿದೆ. ಅವರ ಭಾಷೆಯಲ್ಲಿ ಹತ್ತು ಮಾತು ಕಲಿತೆ."